ಹಳೆಯ ಮಸ್ಟ್ಯಾಂಗಿನ ಟಾಪ್ ರಿಪೇರಿಗೆ ಕೊಡುವ ಮುನ್ನ ಇದನ್ನು ಓದಿ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಹಳೆಯ ಅಮೆರಿಕನ್ ಕನ್ವರ್ಟಿಬಲ್ (ಟಾಪ್, ಅಂದರೆ ಚಾವಣಿಯನ್ನು ಮಡಚಿ ತೆರೆಯಬಹುದಾದ) ಕಾರು ಇಟ್ಟುಕೊಂಡಿರುವ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಗಮನಿಸಬೇಕು. ನನ್ನದು 1965ರ ಫೋರ್ಡ್ ಮಸ್ಟ್ಯಾಂಗ್. ಇದೇ ಊರಿನಲ್ಲಿದ್ದು 2004ರಲ್ಲಿ ಮುಚ್ಚಿದ ಮೆಟಚನ್ ಕಾರ್ಖಾನೆಯಿಂದ ಹೊರಬಂದದ್ದು. ಸ್ವಿಚ್ ಒತ್ತಿದರೆ ಮೋಟರ್ ಗುಂಯ್‌ಗುಡುತ್ತಿತ್ತೇ ಹೊರತು ಟಾಪ್ ಅರ್ಧಕ್ಕೇ ವಾಲಿ ನಿಲ್ಲುತ್ತಿತ್ತು.

ಹೀಗಾದಾಗ ಮೊದಲು ಹಿಂದಿನ ಸೀಟು ತೆಗೆದು, ಅದರ ಹಿಂದಿರುವ ಪಂಪಿನಲ್ಲಿ ಎಣ್ಣೆ ಎಷ್ಟಿದೆ, ಆ ಎಣ್ಣೆಯ ಒತ್ತಡದಿಂದ ಟಾಪನ್ನು ಎತ್ತುವ ಎರಡೂ ಬದಿಯ ಸಿಲಿಂಡರುಗಳು ಸೋರುತ್ತಿವೆಯೇ, ಮೋಟರಿಗೆ ಸರಿಯಾಗಿ ಕರೆಂಟು ಬರುತ್ತಿದೆಯೇ ಎಂದು ನೋಡುವುದು ಕ್ರಮ. ನಾನು ಕಾರು ಕೊಟ್ಟ ವರ್ಕ್‌ಶಾಪಿನವನು ಸೀಟನ್ನು ಮುಟ್ಟಲೇ ಇಲ್ಲ. ನಿಂತಲ್ಲೇ "ಎಲ್ಲವೂ ಹೋಗಿದೆ" ಎಂದು, ಪಂಪು, ಸಿಲಿಂಡರು, ಹೋಸುಗಳೆಲ್ಲ ಹೊಸವೆಂದು ಬರೆದು, 1,400 ಡಾಲರ್ ಬಿಲ್ಲು ಕೈಗಿತ್ತ.

ಕೆಲವೇ ವಾರಗಳಲ್ಲಿ ಕಾರ್ಪೆಟ್ಟಿನ ಅಂಚು ಒದ್ದೆಯಾಗಿ ಕಂಡಿತು. ಸೀಟು ತೆಗೆದು ನೋಡಿದರೆ ಪಂಪು ಕಪ್ಪಗೆ ಮಿನುಗುತ್ತಿತ್ತು. ಬಟ್ಟೆಯಿಂದ ಒರೆಸಿದೆ, ಆ ಕಪ್ಪು ಬಣ್ಣವೇ ಮೆತ್ತಗೆ ಸುಲಿದು ಬಟ್ಟೆಗೆ ಬಂತು. ಅಡಿಯಲ್ಲಿ ಹಳೆಯ ತುಕ್ಕು, ನನ್ನ ಹಳೆಯ ಫೋಟೋದಲ್ಲಿರುವ ಅದೇ ಮುಕ್ಕಾದ ಮೂಲೆ, ಅದೇ ಪಂಪು! ಕೆಂಪು ಬಣ್ಣದ ಟ್ರಾನ್ಸ್‌ಮಿಷನ್ ಫ್ಲೂಯಿಡ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಇರಬೇಕಾದ ಕಡೆ ಜೇನಿನ ಬಣ್ಣದ ಬ್ರೇಕ್ ಫ್ಲೂಯಿಡ್ ತುಂಬಿದ್ದರು. ಬ್ರೇಕ್ ಫ್ಲೂಯಿಡ್ ಪೇಂಟನ್ನು ತಿನ್ನುತ್ತದೆ. ಅವರು ಮರೆಮಾಚಲು ಬಳಿದ ಬಣ್ಣವನ್ನು ಅವರು ಸುರಿದದ್ದೇ ತಿಂದುಹಾಕಿತ್ತು. ಜೊತೆಗೆ ನನ್ನ ಕಾರಿನ ಒಳಗಿನ ಪೇಂಟೂ ಗುಳ್ಳೆ ಎದ್ದಿತ್ತು. 1950ರ ದಶಕದ ಹಲವು ಕಾರುಗಳ ಟಾಪಿಗೆ ಬ್ರೇಕ್ ಫ್ಲೂಯಿಡ್ಡೇ ಹಾಕುತ್ತಿದ್ದರು, ನಿಜ. ಆದರೆ ಒಂದು ಫ್ಲೂಯಿಡ್ಡಿಗೆ ಮಾಡಿದ ಸೀಲಿಗೆ (ಸೋರದಂತೆ ತಡೆಯುವ ರಬ್ಬರಿಗೆ) ಇನ್ನೊಂದನ್ನು ಸುರಿದರೆ ಸೀಲು ಉಳಿಯುವುದಿಲ್ಲವೆಂಬುದು ಇದನ್ನೇ ಕಸುಬಾಗಿಸಿಕೊಂಡವನಿಗೆ ತಿಳಿಯದೇ?

ಫೋನು ಮಾಡಿದಾಗ ಬಂದ ಉತ್ತರಗಳನ್ನು ಕೇಳಿ. ಮೊದಲು, "ಯಾವ ಎಣ್ಣೆಯಾದರೇನು, ಒತ್ತಡ ಬಂದರೆ ಸಾಕು" ಎಂದ. ಪಂಪಿನ ಮಾತೆತ್ತಿದಾಗ, "ಒಳಗೆಲ್ಲ ಹೊಸದು ಮಾಡಿದ್ದೇವೆ, ಮೈ ಮಾತ್ರ ಹಳೆಯದು" ಎಂದ. ಬಿಲ್ಲಿನಲ್ಲಿ ಹೊಸ ಪಂಪು ಎಂದಿದೆಯಲ್ಲ ಎಂದರೆ, "ಸೀಟು ಬಿಚ್ಚಿದವರು ನೀವು, ಇನ್ನು ವಾರಂಟಿ ಇಲ್ಲ" ಎಂದ. ಸೀಟು ಬಿಚ್ಚದೆ ಪಂಪು ಕಾಣುವುದಾದರೂ ಹೇಗೆ, ಸ್ವಾಮಿ? ಕೊನೆಗೆ ನಗುತ್ತಾ, "ಅರವತ್ತು ವರ್ಷದ ಕಾರು ಸಾರ್, ಸೋರದೆ ಇರುತ್ತದೆಯೇ" ಎಂದು ಫೋನಿಟ್ಟ. ಆ ನಗು ಇನ್ನೂ ಉರಿಸುತ್ತಿದೆ.

ಕೆಲಸಕ್ಕೆ ಒಪ್ಪುವ ಮೊದಲೇ ಹಳೆಯ ಬಿಡಿಭಾಗಗಳನ್ನು ವಾಪಸ್ ಕೊಡಬೇಕೆಂದು ಬರೆಸಿಕೊಳ್ಳಿ. ಹಾಕುವ ಫ್ಲೂಯಿಡ್ಡಿನ ಹೆಸರನ್ನೂ ಬರೆಸಿ, ನಿಮ್ಮ ಕಾರಿನ ಶಾಪ್ ಮ್ಯಾನ್ಯುಯಲ್ಲಿನೊಡನೆ (ರಿಪೇರಿ ಕೈಪಿಡಿಯೊಡನೆ) ತಾಳೆ ನೋಡಿ. ಸಿಲಿಂಡರುಗಳ ಪಿನ್ ಕಳಚಿ ಟಾಪಿನ ಚೌಕಟ್ಟೇ ಬಿಗಿದುಕೊಂಡಿದೆಯೇ ಎಂದು ಕೈಯಲ್ಲಿ ಎತ್ತಿ ನೋಡದೆ "ಎಲ್ಲವೂ ಹೋಗಿದೆ" ಎನ್ನುವವನಿಗೆ ಕೀಲಿಕೈ ಕೊಡಬೇಡಿ. ನಾನು ಬಿಲ್ಲನ್ನೂ ಪಂಪಿನ ಎರಡು ಫೋಟೋಗಳನ್ನೂ ಕ್ರೆಡಿಟ್ ಕಾರ್ಡ್ ಕಂಪನಿಗೆ ಕಳುಹಿಸಿ ಹಣ ಹಿಂದಿರುಗಿಸುವಂತೆ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.