ಹುಲ್ಲು ಕಟ್ಟುವ ಮಷಿನ್: ಮೂರು ಎಕರೆಯ ಲೆಕ್ಕ

ಈ ಸಲ ಕಟಾವು ಮುಗಿದ ಮೇಲೆ ನಮ್ಮ ಗದ್ದೆಗೆ ಬೇಲರ್, ಅಂದರೆ ಹುಲ್ಲನ್ನು ರೋಲ್ ಮಾಡಿ ಕಟ್ಟುವ ಮಷಿನ್, ಕರೆಸಿದೆ. ಕಾರಟಗಿ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಮ್ಮದು ಮೂರು ಎಕರೆ ಸೋನಾ ಮಸೂರಿ. ಕರೆಸಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ನನ್ನ ಅನುಭವ ಹೇಳುತ್ತೇನೆ.

ಮೊದಲು ಕೈಯಲ್ಲಿ ಕೊಯ್ದು ಬಣವೆ ಒಟ್ಟುತ್ತಿದ್ದೆವು. ಈಗ ಹಾರ್ವೆಸ್ಟರ್ ಹುಲ್ಲನ್ನು ಗದ್ದೆ ತುಂಬ ಚೆಲ್ಲಿ ಹೋಗುತ್ತದೆ. ಆಳು ಸಿಗುವುದಿಲ್ಲ, ಮುಂದಿನ ಬೆಳೆಗೆ ನೀರು ಬಿಡುವ ದಿನ ಹತ್ತಿರ ಬಂದಿರುತ್ತದೆ. ಹೋದ ವರ್ಷ ನಾನೂ ಬೆಂಕಿ ಇಟ್ಟಿದ್ದೆ. ಗಾಳಿ ತಿರುಗಿ ಪಕ್ಕದವರ ಬಣವೆ ಸುಟ್ಟುಹೋಯಿತು. ದುಡ್ಡು ಕೊಟ್ಟೆ, ಆದರೆ ಅವರ ಎಮ್ಮೆಗಳು ಬೇಸಿಗೆಯಲ್ಲಿ ಏನು ತಿನ್ನಬೇಕು? ಇನ್ನು ಕಡ್ಡಿ ಗೀರುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಬೇಲರ್ ತಂದವನು ಪಕ್ಕದ ಹಳ್ಳಿಯ ಹುಡುಗ. ಮೂರು ದಿನ ತಡವಾಗಿ ಬಂದ. ಕೆಲಸ ಮಾತ್ರ ಚುರುಕು. ಅರ್ಧ ದಿನದಲ್ಲಿ 204 ರೋಲ್ ಕಟ್ಟಿದ. ಹತ್ತು ರೋಲ್ ಕಾಟಾಕ್ಕೆ ಹಾಕಿ ನೋಡಿದೆ, ಒಂದೊಂದು ಸರಾಸರಿ 17 ಕೆಜಿ. ದಾರ ಬಿಗಿಯಾಗಿತ್ತು, ಎತ್ತಿ ಎಸೆದರೂ ಬಿಚ್ಚಲಿಲ್ಲ. ಒಂದೇ ತಪ್ಪು, ಬೆಳಗ್ಗೆ ಇಬ್ಬನಿ ಆರುವ ಮುಂಚೆಯೇ ಶುರು ಮಾಡಿದ. ಮೊದಲು ಕಟ್ಟಿದ ಹನ್ನೊಂದು ರೋಲ್ ಒಳಗೆ ಬೂಷ್ಟು ಬಂದು ಎಮ್ಮೆ ಮೂಸಿಯೂ ನೋಡಲಿಲ್ಲ.

ಒಂದು ಎಕರೆಯ 68 ರೋಲ್ ಮನೆಗೆ ಇಟ್ಟುಕೊಂಡೆ, ರೋಲ್‌ಗೆ 35 ರೂಪಾಯಿ ಕಟ್ಟುವ ಕೂಲಿ. ಉಳಿದ ಎರಡು ಎಕರೆಯ ಹುಲ್ಲನ್ನು ಅವನೇ ಎಕರೆಗೆ 600ರಂತೆ ಕೊಟ್ಟು ಒಯ್ದ. ಅದು ಹೋಗುವುದು ಹುಲ್ಲನ್ನು ಪುಡಿ ಮಾಡಿ, ಒತ್ತಿ, ಬಾಯ್ಲರ್‌ಗೆ ಉರುವಲು ಮಾಡುವ ಕಾರ್ಖಾನೆಗೆ. ರಾತ್ರಿ ಕೂತು ಲೆಕ್ಕ ಹಾಕಿದೆ. 136 ರೋಲ್‌ಗೆ 1,200 ರೂಪಾಯಿ, ಅಂದರೆ ರೋಲ್‌ಗೆ ಒಂಬತ್ತು ರೂಪಾಯಿಯೂ ಬೀಳಲಿಲ್ಲ. ಮನಸ್ಸಿಗೆ ಕಸಿವಿಸಿ ಆಯಿತು.

ಮರುದಿನ ಅವನನ್ನೇ ಕೇಳಿದೆ. ಹುಡುಗ ಮುಚ್ಚಿಡಲಿಲ್ಲ. ‘ಅಕ್ಕಾ, ಕಾರ್ಖಾನೆಯವರು ಕೆಜಿಗೆ 3 ರೂಪಾಯಿ ಕೊಡುತ್ತಾರೆ, ರೋಲ್‌ಗೆ 51. ಡೀಸೆಲ್, ದಾರ, ಡ್ರೈವರ್ ಸೇರಿ 20. ಲೋಡಿಂಗ್, ಲಾರಿ 17. ನಿಮಗೆ ಒಂಬತ್ತು. ಉಳಿದ ಐದರಲ್ಲಿ ಬೇಲರ್ ಸಾಲದ ಕಂತು’ ಎಂದ. ಲಾರಿ ನೋಡಲು ತುಂಬಿರುತ್ತದೆ, ತೂಕ ಮಾತ್ರ ಕಡಿಮೆ. ಮಷಿನ್‌ಗೆ ಕೆಲಸ ಸುಗ್ಗಿಯ ಕೆಲವೇ ವಾರ. ಕಂತು ವರ್ಷವಿಡೀ.

ನಮ್ಮ ಕಡೆ ಅಕ್ಕಿ ಗಿರಣಿಯ ಹೊಟ್ಟು ಸುಟ್ಟು ಕರೆಂಟ್ ಮಾಡುತ್ತಾರೆ. ಅದಕ್ಕೆ ಗಿರಾಕಿ ಇದ್ದೇ ಇದ್ದಾರೆ. ಒಂದೇ ಬೆಳೆಯ ಹೊಟ್ಟು ಮಾರಿಹೋಗುತ್ತದೆ, ಹುಲ್ಲು ಮಾತ್ರ ಗದ್ದೆಯಲ್ಲೇ ಸುಡುತ್ತದೆ, ಯಾಕೆ? ಹೊಟ್ಟು ಭತ್ತದ ಜೊತೆಗೇ ಗಿರಣಿಗೆ ಬಂದು ಒಂದು ಕಡೆ ರಾಶಿ ಬೀಳುತ್ತದೆ. ಅದನ್ನು ಬಾಚುವ ಖರ್ಚು ಯಾರಿಗೂ ಇಲ್ಲ. ಹುಲ್ಲನ್ನು ಗದ್ದೆ ಗದ್ದೆ ಸುತ್ತಿ ಬಾಚಬೇಕು. ದುಡ್ಡೆಲ್ಲ ಬಾಚುವುದರಲ್ಲೇ ಹೋಗುತ್ತದೆ.

ಮಗ ಪಾಣಿಪತ್‌ನ ಇಂಡಿಯನ್ ಆಯಿಲ್ ಘಟಕದ ವಿಷಯ ಹೇಳಿದ. 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದದ್ದು, 900 ಕೋಟಿಗೂ ಜಾಸ್ತಿ ಖರ್ಚು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಸುಮಾರು 3 ಕೋಟಿ ಲೀಟರ್ ಮಾಡುವ ಗುರಿ. ಅಂದರೆ ಟನ್‌ಗೆ 150 ಲೀಟರ್, ಲೀಟರ್‌ಗೆ ಸುಮಾರು ಆರೂಮುಕ್ಕಾಲು ಕೆಜಿ ಹುಲ್ಲು. ನಮ್ಮ ಕಡೆಯ 3 ರೂಪಾಯಿ ದರ ಹಿಡಿದರೆ ಲೀಟರ್‌ಗೆ 20 ರೂಪಾಯಿ ಬರೀ ಹುಲ್ಲಿಗೇ ಆಯಿತು. ಅದರಲ್ಲಿ ಬೆಳೆದವರ ಕೈಗೆ ಬರುವುದು ಮೂರೂವರೆ.

ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ. ಒಂದು ಟನ್ ಹುಲ್ಲಿನ ಜೊತೆ 15ರಿಂದ 20 ಕೆಜಿ ಪೊಟ್ಯಾಷ್ ಗದ್ದೆ ಬಿಟ್ಟು ಹೋಗುತ್ತದೆ, ಹೆಚ್ಚುಕಮ್ಮಿ ಅರ್ಧ ಚೀಲ ಗೊಬ್ಬರ. ನಾನು ಕೊಂಡ ಚೀಲಕ್ಕೆ 1,700 ಕೊಟ್ಟಿದ್ದೇನೆ. ನಮ್ಮ ಒಂದು ಎಕರೆಯ ಹುಲ್ಲು ಒಂದು ಟನ್‌ಗೂ ಜಾಸ್ತಿ. ಎಕರೆಗೆ 600 ಪಡೆದು ಅದಕ್ಕಿಂತ ಜಾಸ್ತಿ ಬೆಲೆಯ ಗೊಬ್ಬರ ಕಳಿಸಿಕೊಟ್ಟೆ, ಅಲ್ವಾ? ಎಮ್ಮೆ ತಿಂದರೆ ಸಗಣಿಯಾಗಿ ವಾಪಸ್ ಬರುತ್ತದೆ. ಸುಟ್ಟರೆ ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಸಾರಜನಕ ಹೊಗೆಯಾಗಿ ಹೋಗುತ್ತದೆ.

ಆದರೂ ಬೇಲರ್ ಬೇಡ ಎನ್ನುವುದಿಲ್ಲ. ಗದ್ದೆ ಒಂದೇ ದಿನಕ್ಕೆ ಖಾಲಿಯಾಯಿತು, ಹೊಗೆ ಇಲ್ಲ, ಯಾರ ಬಣವೆಗೂ ಭಯವಿಲ್ಲ. ದನ ಇದ್ದವರು ಮೊದಲು ಮನೆಗೆ ಬೇಕಾದಷ್ಟು ಇಟ್ಟುಕೊಳ್ಳಿ. ಮಾರುವವರು ಎಕರೆ ಲೆಕ್ಕಕ್ಕೆ ಒಪ್ಪಬೇಡಿ, ತೂಕಕ್ಕೋ ರೋಲ್‌ಗೋ ಮಾತಾಡಿ.

ಮುಂದಿನ ಸುಗ್ಗಿಗೆ ಬೇಲರ್ ಹುಡುಗನ ಜೊತೆ ನಾನು ಮಾತಾಡಿಯಾಗಿದೆ. ರೋಲ್‌ಗಳನ್ನು ನಮ್ಮ ಗಾಡಿಯಲ್ಲೇ ರಸ್ತೆ ಬದಿಗೆ ತಂದಿಟ್ಟರೆ ರೋಲ್‌ಗೆ 12 ರೂಪಾಯಿ ಕೊಡುತ್ತೇನೆ ಎಂದಿದ್ದಾನೆ. ಇಬ್ಬನಿ ಆರಿ ಹತ್ತು ಗಂಟೆಯಾದ ಮೇಲೆಯೇ ಗದ್ದೆಗೆ ಇಳಿಯಬೇಕು ಎಂದಿದ್ದೇನೆ.