ಲುಸಾಕಾ–ಆಕ್ರಾ ‘ಐದೇ ಗಂಟೆ’ ಅನ್ನುವ ಏಜೆಂಟರ ಮಾತು ನಂಬುವ ಮುನ್ನ

ಜಾಂಬಿಯಾದಲ್ಲಿ ಕೆಲಸಕ್ಕಿರುವ ನಮ್ಮವರು ಯಾರಾದರೂ ಘಾನಾ ಕಡೆ ಹೊರಟಿದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ.

ಲುಸಾಕಾದಿಂದ ಆಕ್ರಾಕ್ಕೆ 3,900 ಕಿ.ಮೀ., ಐದು ಗಂಟೆ ಪ್ರಯಾಣ ಅಂತ ಏಜೆಂಟ್ ನನಗೆ ಮೊಬೈಲಿನಲ್ಲೇ ತೋರಿಸಿದ. ಆ ದೂರ ಸುಳ್ಳಲ್ಲ. ಆದರೆ ಅದು ಹಕ್ಕಿ ಹಾರುವ ದೂರ. ಅದನ್ನು ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗದಿಂದ ಭಾಗಿಸಿದರೆ ಐದು ಗಂಟೆ ಬರುತ್ತದೆ, ಅಷ್ಟೇ. ಆ ದಾರಿಯಲ್ಲಿ ವಿಮಾನ ಇದೆಯೋ ಇಲ್ಲವೋ ಆ ಲೆಕ್ಕಕ್ಕೆ ಬೇಕಿಲ್ಲ. ನಾನು ಹೊರಟಾಗ ನೇರ ವಿಮಾನ ಇರಲಿಲ್ಲ.

ಹಾಗಾಗಿ ಜೋಹಾನ್ಸ್‌ಬರ್ಗ್ ಮೇಲೆ ಎರಡು ಬೇರೆ ಕಂಪನಿಗಳ ಎರಡು ಟಿಕೆಟ್ ಜೋಡಿಸಿಕೊಟ್ಟು, ‘ಕನೆಕ್ಟಿಂಗ್ ಫ್ಲೈಟು, ಏನೂ ತೊಂದರೆಯಿಲ್ಲ’ ಅಂದ. ಲುಸಾಕಾದ ಚೆಕ್-ಇನ್ ಕೌಂಟರಿನಲ್ಲಿ ಕೇಳಿದ್ದೇ ದಕ್ಷಿಣ ಆಫ್ರಿಕಾದ ವೀಸಾ. ಒಂದೇ ಟಿಕೆಟ್ ಆಗಿದ್ದರೆ ಬ್ಯಾಗು ಸೀದಾ ಆಕ್ರಾಕ್ಕೆ ಹೋಗುತ್ತಿತ್ತು, ನಾನು ಟ್ರಾನ್ಸಿಟ್‌ನಲ್ಲೇ ಕಾಯಬಹುದಿತ್ತು. ಟಿಕೆಟ್ ಎರಡಾದರೆ ಬ್ಯಾಗು ಜೋಹಾನ್ಸ್‌ಬರ್ಗ್‌ನಲ್ಲೇ ಇಳಿಯುತ್ತದೆ. ಅದನ್ನು ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಬೇಕು. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಬೇಕೇ ಬೇಕು. ನನ್ನನ್ನು ವಿಮಾನ ಹತ್ತಿಸಲಿಲ್ಲ. ಎರಡನೇ ಕಂಪನಿಯವರಿಗೆ ಇದ್ಯಾವುದೂ ಸಂಬಂಧವಿಲ್ಲ, ಅವರ ಪಾಲಿಗೆ ನಾನು ‘ನೋ ಶೋ’, ಅಂದರೆ ಟಿಕೆಟ್ ಇದ್ದೂ ಬಾರದವನು. ಆ ದುಡ್ಡು ಹೋಯಿತು. ಏಜೆಂಟ್ ಫೋನ್ ಎತ್ತುವುದನ್ನೇ ಬಿಟ್ಟ.

ಕೊನೆಗೆ ಇಥಿಯೋಪಿಯಾದ ಅಡಿಸ್ ಅಬಾಬಾ ಮೇಲೆ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರಿನಲ್ಲಿ) ಹೋದೆ. ಆಕ್ರಾ ಇರುವುದು ವಾಯವ್ಯಕ್ಕೆ, ವಿಮಾನ ಹೊರಟಿದ್ದು ಈಶಾನ್ಯಕ್ಕೆ! ಅಡಿಸ್‌ಗೆ ಸುಮಾರು 2,900 ಕಿ.ಮೀ., ಅಲ್ಲಿಂದ ಆಕ್ರಾಕ್ಕೆ ಇನ್ನೂ 4,300. ಆಕಾಶದಲ್ಲೇ ಹತ್ತು ಗಂಟೆ, ನಡುವೆ ಕಾಯುವುದು ಬೇರೆ. ಟಿಕೆಟ್ ಮೇಲಿನ ಸಮಯ ನೋಡಿ ಲೆಕ್ಕ ಹಾಕಬೇಡಿ, ಅದು ಆಯಾ ಊರಿನ ಗಡಿಯಾರ. ಅಡಿಸ್‌ಗಿಂತ ಆಕ್ರಾ ಮೂರು ಗಂಟೆ ಹಿಂದೆ. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಮಧ್ಯಾಹ್ನ ಹನ್ನೆರಡಕ್ಕೆ ಇಳಿದಂತೆ ಕಂಡರೂ ಸೀಟಿನಲ್ಲಿ ಕೂರುವುದು ಆರು ಗಂಟೆ.

ಆಫ್ರಿಕಾದ ಆಕಾಶವನ್ನು ಪರಸ್ಪರರ ವಿಮಾನಗಳಿಗೆ ತೆರೆಯುತ್ತೇವೆಂದು ಅಲ್ಲಿನ ದೇಶಗಳು 1999ರಲ್ಲೇ ಐವರಿ ಕೋಸ್ಟ್‌ನ ಯಾಮೂಸೂಕ್ರೋದಲ್ಲಿ ತೀರ್ಮಾನಿಸಿದ್ದವು. 2018ರಲ್ಲಿ ಆಫ್ರಿಕನ್ ಯೂನಿಯನ್ ಅದಕ್ಕೆ ಮತ್ತೊಮ್ಮೆ ಚಾಲನೆ ಕೊಟ್ಟಿತು. ಕಾಗದದ ಮೇಲೆ ಎಲ್ಲ ಚೆಂದ, ನನಗೆ ನೇರ ವಿಮಾನ ಮಾತ್ರ ಸಿಗಲಿಲ್ಲ.

ದುಡ್ಡು ಕಟ್ಟುವ ಮುನ್ನ ಪಿಎನ್‌ಆರ್ ಒಂದೋ ಎರಡೋ, ಬ್ಯಾಗಿನ ಟ್ಯಾಗು ಎಲ್ಲಿಯವರೆಗೆ ಅಂತ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಹಳದಿ ಜ್ವರದ ಲಸಿಕೆಯ ಕಾರ್ಡೂ ಇರಲಿ. ಅದಿಲ್ಲದೆ ಘಾನಾ ಒಳಗೆ ಬಿಡುವುದಿಲ್ಲ. ಲಸಿಕೆ ಹಾಕಿಸಿ 10 ದಿನ ಆದಮೇಲೇ ಆ ಕಾರ್ಡಿಗೆ ಮಾನ್ಯತೆ. ಘಾನಾದಿಂದ ಊರಿಗೆ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನೇ ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್.