ಕಿಲಿಮಂಜಾರೊ: ಮಚಾಮೆ ದಾರಿಯೋ, ಉತ್ತರದ ಸುತ್ತು ದಾರಿಯೋ?

ಆಫ್ರಿಕಾದ ತಾಂಜಾನಿಯಾದಲ್ಲಿರುವ ಕಿಲಿಮಂಜಾರೊ ಬೆಟ್ಟ ಹತ್ತಬೇಕು ಅಂದುಕೊಂಡವರು ಮೊದಲು ಕೇಳುವುದು, "ಎಷ್ಟು ಫಿಟ್ ಆಗಿರಬೇಕು?" ಅಂತ. ನಾನು ತಿರುಗಿ ಕೇಳುವುದು, "ರಜೆ ಎಷ್ಟಿದೆ?" ಅಂತ. ಈ ಬೆಟ್ಟದಲ್ಲಿ ಕಾಲಿನ ಬಲಕ್ಕಿಂತ ಕೈಯಲ್ಲಿರುವ ದಿನಗಳೇ ಮುಖ್ಯ. ಒಮ್ಮೆ ಗೆಳೆಯರ ಜೊತೆ ಮಚಾಮೆ ದಾರಿಯಲ್ಲಿ ಹೋದೆ. ಕೆಲವು ವರ್ಷ ಬಿಟ್ಟು ಅಕ್ಕನ ಜೊತೆ ನಾರ್ದರ್ನ್ ಸರ್ಕಿಟ್ ಹಿಡಿದು, ಅಂದರೆ ಬೆಟ್ಟದ ಉತ್ತರ ಭಾಗವನ್ನು ಸುತ್ತಿಕೊಂಡು ಹೋದೆ. ಎರಡೂ ಮುಟ್ಟುವುದು ಅದೇ ಉಹುರು ಶಿಖರವನ್ನು, 5,895 ಮೀಟರ್. ಆದರೆ ಎರಡು ಬೇರೆ ಬೇರೆ ಬೆಟ್ಟ ಹತ್ತಿದ ಹಾಗಿತ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಉದ್ದದ ದಾರಿಯೇ ಸುಲಭದ ದಾರಿ. ಚೆಂದದ ದಾರಿ ಮಾತ್ರ ಮಚಾಮೆ.

ಮಚಾಮೆ ದಾರಿ ಸುಮಾರು 60 ಕಿಲೋಮೀಟರ್. ಆರು ಅಥವಾ ಏಳು ದಿನದಲ್ಲಿ ಮುಗಿಸುತ್ತಾರೆ. ಉತ್ತರದ ಸುತ್ತು ಸುಮಾರು 90 ಕಿಲೋಮೀಟರ್, ಎಂಟು ಅಥವಾ ಒಂಬತ್ತು ದಿನ. ಮಚಾಮೆ ಗೇಟ್ ಇರುವುದೇ ಸುಮಾರು 1,800 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ ಅದಕ್ಕಿಂತ ನೂರು ಚಿಲ್ಲರೆ ಮೀಟರ್ ಜಾಸ್ತಿ, ಅಷ್ಟೆ. ಹಾಗಾಗಿ ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದೆ ಅನ್ನುವ ಧೈರ್ಯ ಕಾಲಿಗೆ ಒಳ್ಳೆಯದು, ಶ್ವಾಸಕೋಶಕ್ಕೆ ಅದು ಲೆಕ್ಕಕ್ಕಿಲ್ಲ.

ಮೊದಲ ದಿನ ಎರಡರಲ್ಲೂ ಕಾಡು. ಮಚಾಮೆಗೆ ಮೋಶಿ ಊರಿನಿಂದ ಬೇಗ ತಲುಪಬಹುದು. ದಾರಿಯುದ್ದಕ್ಕೂ ಚಗ್ಗಾ ಜನರ ಬಾಳೆ ತೋಟ, ಕಾಫಿ ಗಿಡ. ನೋಡಿದರೆ ಚಿಕ್ಕಮಗಳೂರು ಕಡೆಯವರಿಗೆ ಹೊಸದೇನೂ ಅನ್ನಿಸುವುದಿಲ್ಲ. ಗೇಟಿನಲ್ಲಿ ಜನವೋ ಜನ. ಪೋರ್ಟರ್‌ಗಳ ಹೊರೆ ತೂಗುವ ತಕ್ಕಡಿ ಮುಂದೆ ಸಾಲು. ಒಬ್ಬರಿಗೆ 20 ಕಿಲೋ ಮಿತಿ, ಅದನ್ನು ದಾಟಬಾರದು. ದಕ್ಷಿಣದ ಇಳಿಜಾರಿನಲ್ಲಿ ಮಳೆ ಜಾಸ್ತಿ, ಆದ್ದರಿಂದ ಕೆಸರೂ ಜಾಸ್ತಿ. ಉತ್ತರದ ಸುತ್ತಿಗೆ ಹೋಗುವವರು ಬೆಟ್ಟದ ಪಶ್ಚಿಮಕ್ಕೆ, ಲೊಂಡೊರೊಸಿ ಗೇಟಿನ ತನಕ ಗಾಡಿಯಲ್ಲಿ ಹೋಗಬೇಕು. ಅಲ್ಲಿ ಹೆಸರು ಬರೆಸಿ, ಮತ್ತೆ ಗಾಡಿ ಹತ್ತಿ, ಲೆಮೊಶೊ ಕಾಡಿನ ಅಂಚಿನಲ್ಲಿ ಇಳಿದು ನಡಿಗೆ. ಮೈ ಕೈ ಕುಲುಕಿ ಸಾಕಾಗುತ್ತದೆ. ಆದರೆ ಕಾಡು ಒಳ್ಳೆಯದು. ಕಪ್ಪು ಬಿಳುಪಿನ ಕೊಲೊಬಸ್ ಕೋತಿಗಳು ಮರದಿಂದ ಮರಕ್ಕೆ ಹಾರುವುದನ್ನು ನಾನು ನಿಂತು ನೋಡಿದ್ದು ಇಲ್ಲೇ. ಮಚಾಮೆಯಲ್ಲಿ ಹಿಂದಿನವರು ಒತ್ತುತ್ತಿದ್ದರು, ನಿಲ್ಲಲು ಜಾಗವಿರಲಿಲ್ಲ.

ಎರಡನೇ ದಿನದಿಂದ ನಿಜವಾದ ವ್ಯತ್ಯಾಸ ಶುರು. ಮಚಾಮೆಯಲ್ಲಿ ಮೊದಲ ರಾತ್ರಿ ಮಲಗಿದ್ದು ಸುಮಾರು 2,800 ಮೀಟರ್‌ನಲ್ಲಿ, ಮರುರಾತ್ರಿ ಶಿರಾ ಕೇವ್ ಕ್ಯಾಂಪಿನಲ್ಲಿ, ಸುಮಾರು 3,800. ಒಂದೇ ದಿನಕ್ಕೆ ಸಾವಿರ ಮೀಟರ್. ಮೂರು ಸಾವಿರ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ ಅನ್ನುವುದು ವೈದ್ಯರ ಮಾತು. ಅದು ಇಲ್ಲಿ ನಡೆಯುವುದಿಲ್ಲ. ಆ ರಾತ್ರಿ ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಜನಕ್ಕೆ ತಲೆ ಸಿಡಿತ. ಅನ್ನ ಸೇರಲಿಲ್ಲ. ಉತ್ತರದ ದಾರಿಯಲ್ಲಿ ಮಲಗುವ ಎತ್ತರ ಹೀಗೆ ಏರುತ್ತದೆ: ದೊಡ್ಡ ಮರದ ಕ್ಯಾಂಪ್ ಸುಮಾರು 2,700, ಆಮೇಲೆ ಶಿರಾ ಒಂದು 3,500, ಶಿರಾ ಎರಡು 3,850, ಮೊಯಿರ್ ಹಟ್ 4,200. ಅಲ್ಲಿಂದ ಮುಂದೆ ಕೆಲವು ರಾತ್ರಿ ನಾಲ್ಕು ಸಾವಿರದ ಆಸುಪಾಸಿನಲ್ಲೇ. ಇದೇ ಈ ದಾರಿಯ ಗುಟ್ಟು.

ಯಾಕೆ ಅಂತ ಸ್ವಲ್ಪ ಹೇಳಬೇಕು. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಅದಕ್ಕೇ ಮೈ ತಾನಾಗಿ ಜೋರಾಗಿ ಉಸಿರಾಡಲು ಶುರುಮಾಡುತ್ತದೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿ ರಕ್ತದ ಹದ ಕೆಡುತ್ತದೆ. ಅದನ್ನು ಸರಿಮಾಡುವುದು ಕಿಡ್ನಿಯ ಕೆಲಸ. ಕಿಡ್ನಿಗೆ ಅವಸರ ಗೊತ್ತಿಲ್ಲ, ಅದಕ್ಕೆ ದಿನಗಳೇ ಬೇಕು. ಡಯಾಮಾಕ್ಸ್ ಮಾತ್ರೆ ಮಾಡುವುದು ಈ ಕೆಲಸವನ್ನು ಸ್ವಲ್ಪ ಬೇಗ ಮಾಡಿಸುವುದನ್ನೇ. ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ರಾತ್ರಿ ಮೂತ್ರಕ್ಕೆ ಪದೇ ಪದೇ ಎದ್ದು ಟೆಂಟಿನಿಂದ ಹೊರಗೆ ಹೋಗಬೇಕಾಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಗೈಡ್‌ಗಳು "ಪೋಲೆ ಪೋಲೆ" ಅನ್ನುತ್ತಲೇ ಇರುತ್ತಾರೆ, ನಿಧಾನ, ನಿಧಾನ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮಲ್ಲೂ ಹೇಳುತ್ತಾರಲ್ಲ, ಇಲ್ಲಿ ಬುದ್ಧಿಯ ಜೊತೆ ಊಟವೂ ಹೊರಗೆ ಬರುತ್ತದೆ.

ಮಚಾಮೆಯ ಪರವಾಗಿ ಒಂದು ಮಾತು. ಮೂರನೇ ದಿನ ಅಲ್ಲಿ ಲಾವಾ ಟವರ್ ಅನ್ನುವ ದೊಡ್ಡ ಬಂಡೆಯ ತನಕ, ಅಂದರೆ 4,600 ಮೀಟರ್ ದಾಟಿ ಹತ್ತಿಸಿ, ಮತ್ತೆ 3,950ರ ಆಸುಪಾಸಿನ ಬರಾಂಕೊ ಕಣಿವೆಗೆ ಇಳಿಸುತ್ತಾರೆ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಮಲಗುವುದು ಒಳ್ಳೆಯ ಉಪಾಯ, ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಆರು ದಿನದ ಪ್ಯಾಕೇಜ್ ಮಾತ್ರ ಬೇಡ. ಅದರಲ್ಲಿ ಕರಂಗಾ ಕ್ಯಾಂಪಿನ ರಾತ್ರಿಯನ್ನು ತೆಗೆದುಹಾಕಿ, ಬರಾಂಕೊದಿಂದ ನೇರ ತುದಿಗೆ ಮುಂಚಿನ ಕೊನೆಯ ಕ್ಯಾಂಪ್ ಬರಾಫುವಿಗೆ ನಡೆಸುತ್ತಾರೆ. ಅದೇ ನಡುರಾತ್ರಿ ತುದಿಗೆ ಹೊರಡಿಸುತ್ತಾರೆ. ಏಳು ದಿನ ಇಲ್ಲದಿದ್ದರೆ ಮಚಾಮೆಯ ಯೋಚನೆಯನ್ನೇ ಬಿಡಿ.

ಈ ಲಾವಾ ಟವರ್ ಹತ್ತಿರವೇ ಎರಡೂ ದಾರಿ ಕೂಡಿ ಮತ್ತೆ ಬೇರೆಯಾಗುವುದು. ಅಕ್ಕನ ಜೊತೆ ಹೋದಾಗಲೂ ಮಧ್ಯಾಹ್ನದ ಹೊತ್ತಿಗೆ ಅಲ್ಲಿದ್ದೆವು. ಸುತ್ತ ಗಲಾಟೆ, ಊಟದ ಟೆಂಟುಗಳು, ಒಬ್ಬರ ಫೋಟೋ ಇನ್ನೊಬ್ಬರು ತೆಗೆಯುವುದು. ಊಟ ಮುಗಿಸಿ ಎಲ್ಲರೂ ದಕ್ಷಿಣಕ್ಕೆ ಬರಾಂಕೊ ಕಡೆ ಇಳಿದರು. ನಾವು ಉತ್ತರಕ್ಕೆ ತಿರುಗಿದೆವು. ಹತ್ತು ನಿಮಿಷದಲ್ಲಿ ಸದ್ದೆಲ್ಲ ಅಡಗಿತು. ಆಮೇಲೆ ತುದಿಯ ರಾತ್ರಿ ತನಕ ನಮಗೆ ಜನ ಸಿಕ್ಕಿದ್ದೇ ಅಪರೂಪ.

ಮೊಯಿರ್ ಹಟ್‌ನಿಂದ ಪೋಫು ಕ್ಯಾಂಪ್, ಅಲ್ಲಿಂದ ಥರ್ಡ್ ಕೇವ್. ಇದೇ ಆ ಪ್ರಸಿದ್ಧ ಮೌನದ ಭಾಗ. ಬಲಗಡೆ ಕಿಬೊದ, ಅಂದರೆ ಬೆಟ್ಟದ ಮುಖ್ಯ ಶಿಖರದ ಗೋಡೆ, ಮೇಲೆ ಉತ್ತರದ ಹಿಮರಾಶಿಯ ಅಂಚು. ಎಡಗಡೆ ಕೆಳಗೆ ಕೀನ್ಯಾದ ಬಯಲು, ಅಂಬೊಸೆಲಿ ಕಡೆಯದು, ಮೋಡವಿಲ್ಲದಿದ್ದರೆ ಕಣ್ಣು ಹಾಯಿಸಿದಷ್ಟೂ ಕಾಣುತ್ತದೆ. ರಾತ್ರಿ ಕೀನ್ಯಾ ಊರುಗಳ ದೀಪ. ನಡುವೆ ಒಣ ಕಲ್ಲು, ಬೂದಿ ಬಣ್ಣದ ಮಣ್ಣು, ಅಲ್ಲಲ್ಲಿ ಬಾಡದ ಬಿಳಿ ಹೂವಿನ ಗುಂಪು. ದೊಡ್ಡ ಕಾಗೆಯೊಂದು, ಕತ್ತಿನ ಹಿಂದೆ ಬಿಳಿ ಪಟ್ಟಿ ಇರುವುದು, ನಾವು ಕೂತಲ್ಲೆಲ್ಲ ಬಂದು ಬಿಸ್ಕತ್ತಿಗೆ ಕಾಯುತ್ತಿತ್ತು.

ಇದನ್ನು ಓದಿ "ಆಹಾ" ಅನ್ನುವವರಿಗೆ ಒಂದು ಎಚ್ಚರಿಕೆ. ಈ ಭಾಗ ಬೇಜಾರೂ ಹೌದು. ಒಂದು ಕೊರಕಲು ಇಳಿ, ಹತ್ತು. ಇನ್ನೊಂದು ಇಳಿ, ಹತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೊರಕಲೂ ಒಂದೇ ಥರ ಕಾಣುತ್ತವೆ. ಅಕ್ಕ "ಇದನ್ನ ನೋಡೋಕೆ ಇಷ್ಟು ದುಡ್ಡು ಕೊಟ್ಟು ಬಂದ್ವಾ?" ಅಂತ ನೇರವಾಗಿ ಕೇಳಿಯೇಬಿಟ್ಟಳು. ನನಗೆ ಅದೇ ಇಷ್ಟವಾಯಿತು, ಅವಳಿಗೆ ಆಗಲಿಲ್ಲ. ಸುಮ್ನೆ ನಡೆಯುವುದರಲ್ಲಿ ಸುಖ ಕಾಣುವವರಿಗೆ ಮಾತ್ರ ಈ ದಾರಿ. ಪ್ರತಿ ತಿರುವಿನಲ್ಲೂ ಏನಾದರೂ ಕಾಣಬೇಕು ಅನ್ನುವವರು ಮಚಾಮೆಗೆ ಹೋಗಿ.

ನೋಟದ ವಿಷಯದಲ್ಲಿ ಮಚಾಮೆಗೆ ಸಾಟಿಯಿಲ್ಲ. ಬರಾಂಕೊ ಕಣಿವೆಯ ಸೆನೆಸಿಯೊ ಗಿಡಗಳನ್ನು ನೋಡಿಯೇ ನಂಬಬೇಕು. ಆಳೆತ್ತರಕ್ಕಿಂತ ದೊಡ್ಡ ಕಾಂಡ, ತುದಿಯಲ್ಲಿ ದಪ್ಪ ಎಲೆಗಳ ಗೊಂಚಲು. ಒಣಗಿದ ಎಲೆಗಳು ಉದುರದೆ ಕಾಂಡಕ್ಕೇ ಅಂಟಿಕೊಂಡು ಚಳಿಗೆ ಹೊದಿಕೆಯಾಗುತ್ತವೆ. ಪಕ್ಕದಲ್ಲಿ ದೈತ್ಯ ಲೊಬೀಲಿಯಾ, ರಾತ್ರಿ ಎಲೆ ಮುಚ್ಚಿಕೊಂಡು ಬೆಳಿಗ್ಗೆ ಬಿಚ್ಚುತ್ತದೆ. ಮರುದಿನ ಬರಾಂಕೊ ಗೋಡೆ, ಸುಮಾರು 250 ಮೀಟರ್ ಎತ್ತರದ ಬಂಡೆ. ಹಗ್ಗ ಬೇಡ, ಆದರೆ ಕೈ ಊರಿ ಹತ್ತಬೇಕು. ನನಗೆ ಇಡೀ ಬೆಟ್ಟದಲ್ಲಿ ಅತಿ ಖುಷಿ ಕೊಟ್ಟ ಬೆಳಗು ಅದು. ಕಷ್ಟ ಏನೆಂದರೆ, ಅದೇ ಬೆಳಗು ನೂರಾರು ಜನಕ್ಕೂ ಬೇಕು. ಮಚಾಮೆ, ಲೆಮೊಶೊ, ಉಂಬ್ವೆ ದಾರಿಯವರೆಲ್ಲ ಬರಾಂಕೊದಲ್ಲಿ ಸೇರುವುದರಿಂದ ಸಂಜೆ ಹೊತ್ತು ಕ್ಯಾಂಪ್ ಜಾತ್ರೆಯ ಹಾಗಿರುತ್ತದೆ. ಸರ್ಕಾರಿ ಶೌಚಾಲಯದ ಸ್ಥಿತಿ ವರ್ಣಿಸುವುದಿಲ್ಲ. ಟಾಯ್ಲೆಟ್ ಟೆಂಟಿಗೆ ಜಾಸ್ತಿ ದುಡ್ಡು ಕೇಳಿದರೆ ಚೌಕಾಸಿ ಮಾಡದೆ ಕೊಡಿ.

ತುದಿಯ ರಾತ್ರಿಯಲ್ಲಿ ಉದ್ದದ ದಾರಿ ಸೋಲುತ್ತದೆ ಅಂತಲೇ ನನಗನ್ನಿಸಿದ್ದು. ಮಚಾಮೆಯವರು ಬರಾಫುವಿನಿಂದ ಹೊರಡುತ್ತಾರೆ, ಸುಮಾರು 4,670 ಮೀಟರ್. ನಡುರಾತ್ರಿ ಶುರುಮಾಡಿ ಬೆಳಗಿನ ಜಾವಕ್ಕೆ ಜ್ವಾಲಾಮುಖಿ ಕುಳಿಯ ಅಂಚಿನ ಸ್ಟೆಲ್ಲಾ ಪಾಯಿಂಟ್, 5,756. ಅಲ್ಲಿಂದ ಉಹುರು ಒಂದು ಗಂಟೆ. ಉತ್ತರದವರು ಸ್ಕೂಲ್ ಹಟ್‌ನಿಂದ ಹೊರಡುತ್ತಾರೆ, ಸ್ವಲ್ಪ ಮೇಲೆ, ಸುಮಾರು 4,750. ಕೇಳಲು ಅನುಕೂಲ ಅನ್ನಿಸುತ್ತದೆ ಅಲ್ವಾ? ಆದರೆ ಹಾನ್ಸ್ ಮೇಯರ್ ಗುಹೆಯ ಹತ್ತಿರ ಮರಂಗು, ರೊಂಗಾಯ್ ದಾರಿಯವರ ಸಾಲು ಸೇರಿಕೊಳ್ಳುತ್ತದೆ, ಅಲ್ಲಿಗೆ ಮೌನ ಮುಗಿಯಿತು. 1889ರಲ್ಲಿ ಲುಡ್ವಿಗ್ ಪುರ್ಟ್‌ಶೆಲರ್ ಜೊತೆ ಮೊದಲು ತುದಿ ಮುಟ್ಟಿದ ಮೇಯರ್ ಹೆಸರಿನ ಗುಹೆ ಅದು. ಅಲ್ಲಿಂದ ಮೇಲೆ ಜಲ್ಲಿಯ ಇಳಿಜಾರು, ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಗಿಲ್ಮನ್ಸ್ ಪಾಯಿಂಟ್, 5,685, ಬಂದಾಗ ಮುಗಿಯಿತು ಅಂತ ಅಳು ಬರುತ್ತದೆ. ಮುಗಿದಿರುವುದಿಲ್ಲ. ಅಲ್ಲಿಂದ ಕುಳಿಯ ಅಂಚಿನಲ್ಲೇ ಸುತ್ತಿ ಸ್ಟೆಲ್ಲಾಗೆ ಬಂದು, ಆಮೇಲೆ ಉಹುರು. ಒಂದೂವರೆಯಿಂದ ಎರಡು ಗಂಟೆ ಬೇಕು. ಅಕ್ಕ ಅಲ್ಲೇ ಕೂತುಬಿಟ್ಟಿದ್ದಳು. ಅವಳನ್ನು ಎಬ್ಬಿಸಿದ್ದು ನಾನಲ್ಲ, ಗೈಡ್ ಫ್ಲಾಸ್ಕಿನಿಂದ ಕೊಟ್ಟ ಶುಂಠಿ ಚಹಾ. ಆದರೂ ಅವಳಿಗೆ ತಲೆನೋವಿರಲಿಲ್ಲ, ವಾಂತಿಯಿರಲಿಲ್ಲ, ಕಾಲು ಸೋತಿತ್ತು ಅಷ್ಟೆ. ಮಚಾಮೆ ಸಲ ನನ್ನ ಗೆಳೆಯನೊಬ್ಬ ಅಕ್ಕನಿಗಿಂತ ಎಷ್ಟೋ ಗಟ್ಟಿಗ, ಮ್ಯಾರಥಾನ್ ಓಡುವವನು, ಸ್ಟೆಲ್ಲಾಗೆ ಮೊದಲೇ ವಾಪಸ್ ಇಳಿಯಬೇಕಾಯಿತು. ಸೋತ ಕಾಲು ಕೂತರೆ ಸರಿಹೋಗುತ್ತದೆ. ಒಗ್ಗದ ಮೈಗೆ ಇಳಿಯುವುದೊಂದೇ ಔಷಧಿ.

ಊಟ ಎರಡು ಕಡೆಯೂ ಒಂದೇ: ಗಂಜಿ, ಸೂಪ್, ಅನ್ನ, ಬೀನ್ಸ್, ಸಂಜೆ ಚಹಾ ಜೊತೆ ಪಾಪ್‌ಕಾರ್ನ್. ಚಪಾತಿ ಅಲ್ಲಿನವರದೂ ಹೌದು, ಹೆಸರೂ ಅದೇ. ಮೊಯಿರ್ ಹಟ್ ಎತ್ತರದಲ್ಲಿ ನೀರು 86 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಅನ್ನ ಸ್ವಲ್ಪ ಗಟ್ಟಿ. ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ ಒಯ್ಯಿರಿ, ಬಾಯಿ ಕೆಟ್ಟಾಗ ಅದೇ ಗತಿ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, 2019ರಿಂದ ತಾಂಜಾನಿಯಾದಲ್ಲಿ ನಿಷೇಧ.

ದುಡ್ಡಿನ ಲೆಕ್ಕ ಹೀಗಿದೆ. ಪಾರ್ಕಿನ ಪ್ರವೇಶ ಶುಲ್ಕ ದಿನಕ್ಕೆ 70 ಡಾಲರ್, ಟೆಂಟಿಗೆ ರಾತ್ರಿಗೆ 50, ಅದರ ಮೇಲೆ 18 ಪರ್ಸೆಂಟ್ ತೆರಿಗೆ. ನಾವು ಹೋದಾಗಿನ ದರ ಇದು. ಅಂದರೆ ಒಂದು ದಿನ ಜಾಸ್ತಿಯಾದರೆ ಪಾರ್ಕಿಗೇ ಸುಮಾರು 140 ಡಾಲರ್ ಹೆಚ್ಚು, ಅಡುಗೆಯವರು, ಪೋರ್ಟರ್‌ಗಳ ಕೂಲಿ ಬೇರೆ. ಉತ್ತರದ ಸುತ್ತು ದುಬಾರಿಯಾಗುವುದು ಇದಕ್ಕೇ.

ಹಾಗಾದರೆ ಗುಡಿಸಲುಗಳಿರುವ ಮರಂಗು ದಾರಿ ಅಗ್ಗ ಅಲ್ವಾ ಅಂತ ಕೇಳುತ್ತೀರಿ. ಅಗ್ಗ ಹೌದು. ಐದು ದಿನಕ್ಕೆ ಮುಗಿಸಿಬಿಡುತ್ತಾರೆ, ಅದೇ ತೊಂದರೆ. ಹತ್ತಿದ ದಾರಿಯಲ್ಲೇ ಇಳಿಯಬೇಕು ಬೇರೆ. ಮಳೆಗಾಲದಲ್ಲಿ ಹೋಗಲೇಬೇಕಾದರೆ ಮಾತ್ರ ಅದನ್ನು ನೋಡಿ.

ಇಳಿಯುವುದು ಮಚಾಮೆಯವರಿಗೂ ಉತ್ತರದವರಿಗೂ ಒಂದೇ, ಮ್ವೆಕಾ ದಾರಿ. ತುದಿಯಿಂದ ಅದೇ ದಿನ ಸುಮಾರು 3,100ಕ್ಕೆ ಇಳಿಸುತ್ತಾರೆ. ಮಂಡಿಯ ಮೇಲೆ ಕರುಣೆ ಇದ್ದರೆ ಎರಡು ಕೋಲು ಬೇಕೇ ಬೇಕು.

ಉತ್ತರದ ಸುತ್ತೇ ಅಂತ ನಿಶ್ಚಯ ಮಾಡಿದರೆ, ಮುಂಗಡ ಕೊಡುವ ಮೊದಲು ಟೂರ್‌ನವರನ್ನು ಮೂರು ಪ್ರಶ್ನೆ ಕೇಳಿ. ಲಾವಾ ಟವರ್ ಮೇಲೆ ಹೋಗುತ್ತೀರಾ, ಇಲ್ಲ ಶಿರಾದಿಂದ ನೇರ ಮೊಯಿರ್‌ಗೆ ಕರೆದೊಯ್ಯುತ್ತೀರಾ? ಸ್ಕೂಲ್ ಹಟ್‌ನಲ್ಲಿ ನೀರಿಲ್ಲ, ಕೆಳಗಿನಿಂದ ಹೊತ್ತು ತರಲು ಸಾಕಷ್ಟು ಪೋರ್ಟರ್‌ಗಳಿದ್ದಾರಾ? ಆ ಪೋರ್ಟರ್‌ಗಳಿಗೆ ದಿನಗೂಲಿ ಎಷ್ಟು, ಎಷ್ಟು ಹೊತ್ತು ಊಟ? ಪೋರ್ಟರ್‌ಗಳ ಪರವಾಗಿ ಕೆಲಸ ಮಾಡುವ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಸಂಸ್ಥೆಯಿದೆ. ಸರಿಯಾಗಿ ನಡೆಸಿಕೊಳ್ಳುವ ಕಂಪನಿಗಳ ಪಟ್ಟಿ ಅವರಲ್ಲಿ ಸಿಗುತ್ತದೆ. ಮೂರನೇ ಪ್ರಶ್ನೆಗೆ ತಡವರಿಸಿದರೆ, ದರ ಎಷ್ಟೇ ಕಡಿಮೆಯಿದ್ದರೂ ಬೇರೆಯವರನ್ನು ಹುಡುಕಿ.